ರಿಸೆಪ್ಶನ್ ಕೋಟು: ಬೆಂಗಳೂರಿನಲ್ಲಿ ಎಲ್ಲಿ ತಗೊಳ್ಳೋದು?

ತೋಟದಮನೆ, ಶಿರಸಿ
ನವೆಂಬರ್ 18, ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ಫೆಬ್ರವರಿಯಲ್ಲಿ ನನ್ನ ಮದುವೆ. ಮದುವೆ ನಮ್ಮನೆ ಅಂಗಳದಲ್ಲೇ, ಅದಕ್ಕೆ ತಲೆಬಿಸಿ ಇಲ್ಲ. ಪಂಚೆ, ಶಾಲು, ಬಾಸಿಂಗ, ಮುಗೀತು. ತಲೆಬಿಸಿ ಇರುವುದು ಮೂರು ದಿನ ಬಿಟ್ಟು ಮಲ್ಲೇಶ್ವರದಲ್ಲಿ ನಡೆಯುವ ರಿಸೆಪ್ಶನ್ನಿನದು. ಹುಡುಗಿ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ಅವಳ ಆಫೀಸಿನವರೆಲ್ಲ ಬರುತ್ತಾರೆ. "ಒಂದು ಒಳ್ಳೇ ಡಿಸೈನರ್ ಕೋಟು ತಗೋ, ಬಾಡಿಗೆದು ಮಾತ್ರ ಬೇಡ" ಅಂದಿದ್ದಾಳೆ. ಅವಳು ಇಟ್ಟ ಬೇಡಿಕೆ ಅದೊಂದೇ.

ನನಗೆ 34. ಇಲ್ಲಿವರೆಗೆ ಕೋಟು ಹಾಕಿದ್ದು ಒಂದೇ ಸಲ, ಡಿಗ್ರಿ ಫೋಟೋಕ್ಕೆ. ಅದೂ ಸ್ಟುಡಿಯೋದವನದ್ದು, ಬೆನ್ನಿಗೆ ಕ್ಲಿಪ್ ಹಾಕಿ ಬಿಗಿ ಮಾಡಿದ್ದ. 60 ಸಾವಿರದವರೆಗೆ ಹಾಕಬಲ್ಲೆ. ಈಗ ಅಡಿಕೆ ಕೊನೆಕೊಯ್ಲು (ಗೊನೆ ಇಳಿಸುವುದು) ಶುರುವಾಗಿದೆ, ಹಾಗಾಗಿ ಬೆಂಗಳೂರಿಗೆ ಬಂದರೂ ಒಂದೇ ದಿನ ಬರಲಿಕ್ಕಾಗುವುದು. ಬೆಳಗ್ಗೆ ಮೆಜೆಸ್ಟಿಕ್‌ನಲ್ಲಿ ಬಸ್ ಇಳಿದು ರಾತ್ರಿ ಬಸ್ಸಿಗೆ ವಾಪಸ್. ಎಲ್ಲಿಗೆ ಹೋಗಲಿ?

ಇನ್ನೊಂದು ವಿಷಯ, ನಗಬೇಡಿ. ಅಡಿಕೆ ಸುಲಿದು ಕೈಯೆಲ್ಲ ಕಪ್ಪಾಗಿದೆ. ಆ ಗಾಜಿನ ಅಂಗಡಿಗಳ ಒಳಗೆ ಹೋಗಿ ಬಿಳಿ ಬಟ್ಟೆ ಮುಟ್ಟಲಿಕ್ಕೇ ಮುಜುಗರ.


ಯಲ್ಲಾಪುರ ಟು ಯಲಹಂಕ
ನವೆಂಬರ್ 18, ರಾತ್ರಿ 10.15

ಅಭಿನಂದನೆ ಭಾವ! ನಾನಿರುವುದು ಇಲ್ಲೇ, ಆದಷ್ಟು ಹೇಳುತ್ತೇನೆ.

ಡಿಸೈನರ್ ಅಂದಕೂಡಲೇ ಎಲ್ಲರೂ ಹೇಳುವುದು ವಿಠ್ಠಲ್ ಮಲ್ಯ ರಸ್ತೆಯ ಯುಬಿ ಸಿಟಿ. 2008ರಿಂದ ಇದೆ. ಲೂಯಿ ವಿಟಾನ್ ಥರದ ಹೊರದೇಶದ ಹೆಸರುಗಳು ಅಲ್ಲಿ. ಮೆಜೆಸ್ಟಿಕ್‌ನಿಂದ ನೇರಳೆ ಮೆಟ್ರೋ ಹತ್ತಿ ಕಬ್ಬನ್ ಪಾರ್ಕ್‌ನಲ್ಲಿ ಇಳಿದರೆ ನಡೆದೇ ಹೋಗಬಹುದು. 60 ಸಾವಿರಕ್ಕೆ ಅಲ್ಲಿ ಪೂರ್ತಿ ಸೂಟ್ ಸಿಗುವುದು ಕಷ್ಟ, ಆದರೆ ನೋಡಲಿಕ್ಕೆ ದುಡ್ಡು ಕೊಡಬೇಕಾಗಿಲ್ಲ. ಎರಡನೆಯದು ಬಳ್ಳಾರಿ ರಸ್ತೆಯ ಫೀನಿಕ್ಸ್ ಮಾಲ್ ಆಫ್ ಏಷ್ಯಾ, 2023ರಲ್ಲಿ ಶುರುವಾದದ್ದು. ನನ್ನ ಮನೆಗೆ ಹತ್ತಿರ, ನಿನಗೆ ದೂರ. ಅಲ್ಲಿಗೆ ಮೆಟ್ರೋ ಇನ್ನೂ ಬಂದಿಲ್ಲ. ಒಂದೇ ದಿನ ಅಂದರೆ ಅದನ್ನು ಬಿಟ್ಟುಬಿಡು. ವೈಟ್‌ಫೀಲ್ಡ್ ಕಡೆಯ ಫೀನಿಕ್ಸ್‌ಗಾದರೆ ಸಿಂಗಯ್ಯನಪಾಳ್ಯ ಮೆಟ್ರೋ ಇದೆ.

ನಿನ್ನ ಬಜೆಟ್ಟಿಗೆ ಹೊಂದುವ ಡಿಸೈನರ್ ಬೇಕು ಅಂದರೆ ತಸ್ವಾ ನೋಡು. ಡಿಸೈನರ್ ತರುಣ್ ತಹಿಲಿಯಾನಿ ಜೊತೆ ಸೇರಿ ಆದಿತ್ಯ ಬಿರ್ಲಾದವರು 2021ರಲ್ಲಿ ಶುರು ಮಾಡಿದ್ದು, ಗಂಡಸರ ಬಟ್ಟೆ ಮಾತ್ರ. ತಹಿಲಿಯಾನಿಯವರ ಸ್ವಂತ ಲೇಬಲ್ಲಿಗೂ ಇದಕ್ಕೂ ಬೆಲೆಯಲ್ಲಿ ಭೂಮಿ ಆಕಾಶದಷ್ಟು ವ್ಯತ್ಯಾಸ.

ಮತ್ತೆ ಜಿಎಸ್‌ಟಿ ಮರೀಬೇಡ. 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿ ದಾಟಿದ ಸಿದ್ಧ ಉಡುಪಿಗೆ 18%. ಮೊದಲು 12% ಇತ್ತು. ಮಾಲ್‌ನಲ್ಲಿ ಚೀಟಿ ಮೇಲಿನ ಬೆಲೆಗೆ ಅದೆಲ್ಲ ಸೇರಿರುತ್ತದೆ. ಕೆಲವು ಡಿಸೈನರ್ ಸ್ಟುಡಿಯೋಗಳಲ್ಲಿ ಬಾಯಲ್ಲಿ ಹೇಳುವ ಬೆಲೆಗೆ ಸೇರಿರುವುದಿಲ್ಲ. 50 ಸಾವಿರ ಅಂದದ್ದು ಬಿಲ್ಲಿನಲ್ಲಿ 59 ಆಗುತ್ತದೆ. "ಟ್ಯಾಕ್ಸ್ ಸೇರಿ ಎಷ್ಟು?" ಅಂತ ಮೊದಲೇ ಕೇಳು.


ಕಾಳಿದಂಡೆ, ಕಾರವಾರ
ನವೆಂಬರ್ 18, ರಾತ್ರಿ 11.02

ಎಲ್ಲರೂ ಬೆಂಗಳೂರು ಬೆಂಗಳೂರು ಅಂತೀರಲ್ಲ ಮಾರಾಯ್ರೆ! ನಮಗೆ ಕಾರವಾರದವರಿಗೆ ಪೇಟೆ ಅಂದರೆ ಮೊದಲಿಂದ ಗೋವಾ, ಆಮೇಲೆ ಮುಂಬೈ. ಸಂಜೆ ಮತ್ಸ್ಯಗಂಧ ಹತ್ತಿದರೆ ಬೆಳಗ್ಗೆ ಕುರ್ಲಾ.

ಮುಂಬೈಯಲ್ಲಿ ಡಿಸೈನರ್ ಬಟ್ಟೆ ಅಂದರೆ ಫೋರ್ಟ್ ಕಡೆ ಹೋಗಬೇಕು. ಲಯನ್ ಗೇಟ್ ಎದುರಿನ ಆನ್ಸಾಂಬಲ್ 1987ರಿಂದ ಇದೆ. ಬೇರೆ ಬೇರೆ ಡಿಸೈನರುಗಳ ಬಟ್ಟೆ ಒಂದೇ ಸೂರಿನಡಿ ಇಟ್ಟು ಮಾರುವ ಅಂಗಡಿ ನಮ್ಮ ದೇಶದಲ್ಲಿ ಶುರುವಾದದ್ದೇ ಅಲ್ಲಿಂದ. ಅಲ್ಲೇ ಸಮೀಪ, ಹಾರ್ನಿಮನ್ ಸರ್ಕಲ್‌ನಲ್ಲಿ ಡಿಸೈನರ್ ಸಬ್ಯಸಾಚಿಯವರ ದೊಡ್ಡ ಮಳಿಗೆ, 2023ರದ್ದು. ಹಳೇ ಬ್ಯಾಂಕ್ ಕಟ್ಟಡ. ಒಳಗೆ ಹೋದರೆ ಅರಮನೆಗೆ ಹೊಕ್ಕಂತೆ. ನಾನು ಸುಮ್ನೆ ನೋಡಿಕೊಂಡು ಬಂದೆ. ಶೇರ್ವಾನಿಯ ಬೆಲೆ ಕೇಳುವ ಧೈರ್ಯ ಆಗಲಿಲ್ಲ.

ಗೋವಾದಲ್ಲಾದರೆ ಪಣಜಿಯಲ್ಲಿ ಡಿಸೈನರ್ ವೆಂಡೆಲ್ ರಾಡ್ರಿಕ್ಸ್ ಲೇಬಲ್. ಅವರು 2020ರಲ್ಲಿ ತೀರಿಕೊಂಡರು, ಲೇಬಲ್ ನಿಂತಿಲ್ಲ. ಬಿಳಿ ಬಿಳಿ ಲಿನನ್, ಹಗುರ. ನಮ್ಮ ಕರಾವಳಿ ಸೆಕೆಗೆ ಹೇಳಿ ಮಾಡಿಸಿದ್ದು. ಆದರೆ ರಿಸೆಪ್ಶನ್ ಸ್ಟೇಜಿನ ಮೇಲೆ ನಾಲ್ಕು ಸಲ ಕೂತೆದ್ದರೆ ಲಿನನ್ ಮುದ್ದೆ. ಮೆಹೆಂದಿಗೆ ಆದೀತು.


ಸಿದ್ದಾಪುರದ ಅಕ್ಕ
ನವೆಂಬರ್ 19, ಬೆಳಗ್ಗೆ 7.20

ಅಪ್ಪಿ, ನಾನು ಜಯನಗರದಲ್ಲಿ ಇಪ್ಪತ್ತೆರಡು ವರ್ಷದಿಂದ ಇದ್ದೇನೆ. ನನ್ನ ಇಬ್ಬರು ತಮ್ಮಂದಿರಿಗೂ ಮದುವೆ ಬಟ್ಟೆ ತೆಗೆಸಿಕೊಟ್ಟವಳು ನಾನೇ. ಕೇಳು.

ಮೊದಲು ಏನು ಬೇಕು ಅಂತ ಗಟ್ಟಿ ಮಾಡಿಕೋ, ಆಮೇಲೆ ಎಲ್ಲಿ ಅನ್ನೋದು. ಟೈ ಕಟ್ಟುವ ಸೂಟೋ, ಕತ್ತಿನ ತನಕ ಗುಂಡಿ ಬರುವ ಜೋಧ್‌ಪುರಿ ಕೋಟೋ? ಟೈ ಅಭ್ಯಾಸ ಇಲ್ಲದವರು ಇಡೀ ಸಂಜೆ ಕಾಲರಿನೊಳಗೆ ಬೆರಳು ಹಾಕಿಕೊಂಡೇ ನಿಂತಿರುತ್ತಾರೆ. ಎಲ್ಲ ಫೋಟೋದಲ್ಲೂ ಅದೇ. ನನ್ನ ದೊಡ್ಡ ತಮ್ಮನ ಆಲ್ಬಮ್ ಬೇಕಾದರೆ ತೋರಿಸುತ್ತೇನೆ. ಚಿಕ್ಕವನಿಗೆ ಜೋಧ್‌ಪುರಿ ಹೊಲಿಸಿದೆವು, ರಾಜನ ಹಾಗೆ ಕಂಡ. ಹೇಗೂ ನಮ್ಮ ಅಜ್ಜಂದಿರು ಕಚ್ಚೆಪಂಚೆ ಮೇಲೆ ಕತ್ತಿನ ತನಕ ಗುಂಡಿ ಹಾಕಿದ ಕರಿಕೋಟು ಹಾಕಿಕೊಂಡೇ ಕೋರ್ಟಿಗೆ ಹೋಗುತ್ತಿದ್ದರು, ಅಲ್ವಾ? ನಮ್ಮ ಮೈಗೆ ಅದು ಹೊಸದಲ್ಲ.

ಚಿಕ್ಕಪೇಟೆಗೆ ಹೋಗು ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಸೀರೆಗೆ ಹೋಗು, ಬಟ್ಟೆಯ ಪೀಸ್ ತಗೊಳ್ಳಲಿಕ್ಕೆ ಹೋಗು. ಸಿದ್ಧ ಕೋಟಿಗೆ ಮಾತ್ರ ಬೇಡ. ಭಾನುವಾರ ಹೋಗುವುದಾದರೆ ಅಲ್ಲಿ ಹಲವು ಅಂಗಡಿಯ ಬಾಗಿಲು ಹಾಕಿರುತ್ತದೆ, ಅದೂ ಗೊತ್ತಿರಲಿ.


ಹೊನ್ನಾವರ ಬಂದರು
ನವೆಂಬರ್ 19, ಬೆಳಗ್ಗೆ 11.48

ನನ್ನ ಕಥೆ ಕೇಳಿ, ಆಮೇಲೆ ದುಡ್ಡು ಹಾಕಿ.

ಮೂರು ವರ್ಷದ ಹಿಂದೆ ಬೆಂಗಳೂರಿನ ಒಂದು ದೊಡ್ಡ ಅಂಗಡಿಯಲ್ಲಿ (ಹೆಸರು ಬೇಡ) ಡಿಸೈನರ್ ಬ್ಲೇಜರ್ ತಗೊಂಡೆ. 32 ಸಾವಿರ. ಕಡುನೀಲಿ, ಒಳಗೆ ಕೆಂಪು ಲೈನಿಂಗ್. ಅಂಗಡಿಯ ಕನ್ನಡಿಯಲ್ಲಿ ನಾನೇ ಬೇರೆ ಮನುಷ್ಯ ಆಗಿದ್ದೆ. ನಮ್ಮ ಬಾವನ ಮದುವೆಗೆ ಹಾಕಿದೆ, ಎಲ್ಲರೂ ಹೊಗಳಿದರು. ಒಂದು ಮಳೆಗಾಲ ಕಪಾಟಿನಲ್ಲಿ ಇಟ್ಟೆ. ದೀಪಾವಳಿಗೆ ತೆಗೆದು ನೋಡಿದರೆ ಎದೆಯ ಮೇಲೆ, ಕಾಲರ್ ಮಡಚುವ ಜಾಗದಲ್ಲಿ, ಹಪ್ಪಳ ಕರಿದಾಗ ಏಳುತ್ತದಲ್ಲ, ಆ ಥರ ಗುಳ್ಳೆ ಗುಳ್ಳೆ. ಇಸ್ತ್ರಿ ಮಾಡಿಸಿದೆ. ಇನ್ನೂ ಜಾಸ್ತಿ ಆಯಿತು.

ಬಿಲ್ ಹಿಡಿದುಕೊಂಡು ಅಂಗಡಿಗೆ ಹೋದೆ. "ನೀವು ಸರಿಯಾಗಿ ಮೆಂಟೇನ್ ಮಾಡಿಲ್ಲ ಸರ್" ಅಂದರು. ಮೆಂಟೇನ್ ಅಂದರೆ ಏನು, ಹೊನ್ನಾವರದ ಗಾಳಿಗೆ ಹೇಳಿ ಬರಬೇಕಾ?


ಕತ್ತರಿ ಮನೆ, ಕುಮಟಾ
ನವೆಂಬರ್ 19, ಮಧ್ಯಾಹ್ನ 2.30

ಹೊನ್ನಾವರದವರೇ, ತಪ್ಪು ನಿಮ್ಮದಲ್ಲ. ಪೂರ್ತಿ ಗಾಳಿಯದ್ದೂ ಅಲ್ಲ. ಅದು ಪೇಸ್ಟಿಂಗ್ ಕೋಟು.

ನಮ್ಮದು ಮೂರು ತಲೆಮಾರಿನಿಂದ ಹೊಲಿಗೆ ಕೆಲಸ. ನಾನು ಈಗ ಮಷಿನ್ ಮೇಲೆ ಕೂರುವುದು ಕಡಿಮೆ, ಆದರೂ ಕೋಟಿನ ಹೊಟ್ಟೆಯೊಳಗೆ ಏನಿದೆ ಅನ್ನುವುದು ಗೊತ್ತು. ಸ್ವಲ್ಪ ಉದ್ದ ಬರೆಯುತ್ತೇನೆ.

ಕೋಟಿನ ಎದೆಭಾಗ ಗಟ್ಟಿಯಾಗಿ ನಿಲ್ಲಬೇಕಾದರೆ ಮೇಲಿನ ಬಟ್ಟೆಗೂ ಒಳಗಿನ ಲೈನಿಂಗಿಗೂ ಮಧ್ಯೆ ಇನ್ನೊಂದು ಪದರ ಬೇಕು. ಅದನ್ನು ಕೂರಿಸಲಿಕ್ಕೆ ಎರಡು ದಾರಿ. ಒಂದು, ಅಂಟು ಹಚ್ಚಿದ ಬಟ್ಟೆಯನ್ನು ಬಿಸಿ ಪ್ರೆಸ್‌ನಲ್ಲಿ ಒತ್ತಿ ಅಂಟಿಸುವುದು. ನಾವು ಪೇಸ್ಟಿಂಗ್ ಅನ್ನುತ್ತೇವೆ. ಕೆಲಸ ಬೇಗ, ಖರ್ಚು ಕಡಿಮೆ. ರೆಡಿಮೇಡ್ ಕೋಟುಗಳಲ್ಲಿ ಹೆಚ್ಚಿನವು ಇದೇ, ಹೆಸರು ಎಷ್ಟೇ ದೊಡ್ಡದಿರಲಿ. ಶೆಕೆ, ಪಸೆ, ಡ್ರೈಕ್ಲೀನಿಂಗಿನ ಬಿಸಿ ಎಲ್ಲ ಸೇರಿ ಆ ಅಂಟು ಅಲ್ಲಲ್ಲಿ ಬಿಟ್ಟರೆ ಗುಳ್ಳೆ. ಅದನ್ನು ಸರಿ ಮಾಡುವುದು ಹೆಚ್ಚುಕಡಿಮೆ ಆಗದ ಮಾತು.

ಎರಡನೆಯದು ಕ್ಯಾನ್ವಾಸ್. ಕುದುರೆ ಕೂದಲು, ಉಣ್ಣೆ, ಹತ್ತಿ ಸೇರಿಸಿ ನೇಯ್ದ ಬಟ್ಟೆ. ಅದನ್ನು ಅಂಟಿಸುವುದಿಲ್ಲ, ದಾರದಲ್ಲಿ ಸಡಿಲವಾಗಿ ಹೊಲಿದು ಕೂರಿಸುತ್ತಾರೆ. ಮೈ ಬಿಸಿಗೆ ಅದು ನಿಧಾನಕ್ಕೆ ನಿಮ್ಮ ಎದೆಯ ಆಕಾರಕ್ಕೆ ಬರುತ್ತದೆ. ಎದೆಗೆ ಮಾತ್ರ ಕ್ಯಾನ್ವಾಸ್ ಹಾಕಿ ಕೆಳಗೆ ಪೇಸ್ಟಿಂಗ್ ಮಾಡಿದರೆ ಹಾಫ್ ಕ್ಯಾನ್ವಾಸ್. 60 ಸಾವಿರಕ್ಕೆ ಅದು ಧಾರಾಳ ಸಾಕು.

ಅಂಗಡಿಯಲ್ಲಿ ಗೊತ್ತುಮಾಡುವುದು ಹೇಗೆ? ಎದೆಯ ಹತ್ತಿರ, ಗುಂಡಿಯ ಕಾಜಾದಿಂದ ಎರಡು ಬೆರಳು ಮೇಲೆ, ಹೊರಗಿನ ಬಟ್ಟೆಯನ್ನೂ ಒಳಗಿನ ಬಟ್ಟೆಯನ್ನೂ ಚಿವುಟಿ ಹಿಡಿದು ಮೆಲ್ಲಗೆ ಉಜ್ಜಿ ನೋಡಿ. ನಡುವೆ ಮೂರನೆಯದೊಂದು ಪದರ ಬೇರೆಯಾಗಿ ಜಾರಿದರೆ ಕ್ಯಾನ್ವಾಸ್. ಹೊರಬಟ್ಟೆಯೇ ರಟ್ಟಿನ ಹಾಗೆ ದಪ್ಪ ಅನ್ನಿಸಿ ನಡುವೆ ಏನೂ ಜಾರದಿದ್ದರೆ ಪೇಸ್ಟಿಂಗ್. ಸೇಲ್ಸ್‌ನ ಹುಡುಗನನ್ನು ಕೇಳಬೇಡಿ, ಪಾಪ ಅವನಿಗೂ ಗೊತ್ತಿರುವುದಿಲ್ಲ.

ಬಟ್ಟೆಯ ಅಂಚಿನಲ್ಲಿ ಸೂಪರ್ 100, 120, 150 ಅಂತೆಲ್ಲ ಬರೆದಿರುತ್ತದೆ. ಅದು ಉಣ್ಣೆಯ ಎಳೆ ಎಷ್ಟು ಸಪೂರ ಅನ್ನುವ ಲೆಕ್ಕ. 100 ಅಂದರೆ ಎಳೆ ಹೆಚ್ಚೆಂದರೆ 18.75 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್), 120 ಅಂದರೆ 17.75, 150 ಅಂದರೆ 16.25. ಸಂಖ್ಯೆ ಏರಿದ ಹಾಗೆ ನುಣುಪು ಜಾಸ್ತಿ, ಬೆಲೆ ಜಾಸ್ತಿ, ಬಾಳಿಕೆ ಕಡಿಮೆ, ಸುಕ್ಕೂ ಬೇಗ. 150 ತಗೊಳ್ಳಿ ಅಂತ ಹಟ ಹಿಡಿಯುತ್ತಾರೆ. ಬೇಡ. 100 ಅಥವಾ 120, ತೆಳ್ಳಗಿನ ನೇಯ್ಗೆ, ಗಾಳಿಯಾಡುವಂಥದ್ದು. ಬಟ್ಟೆಯನ್ನು ಬೆಳಕಿಗೆ ಹಿಡಿದರೆ ಆಚೆ ಸಣ್ಣಗೆ ಕಾಣಬೇಕು.


ಯಲ್ಲಾಪುರ ಟು ಯಲಹಂಕ
ನವೆಂಬರ್ 19, ಮಧ್ಯಾಹ್ನ 3.05

ಕುಮಟಾದವರ ಪೋಸ್ಟ್ ಓದಿ ಈಗಷ್ಟೇ ನನ್ನ ಆಫೀಸ್ ಬ್ಲೇಜರ್ ಚಿವುಟಿ ನೋಡಿದೆ. ರಟ್ಟು. 18 ಸಾವಿರದ ರಟ್ಟು.


ಕರಿ ಈಶಾಡ, ಅಂಕೋಲಾ
ನವೆಂಬರ್ 19, ರಾತ್ರಿ 8.50

ಒಂದು ಪ್ರಶ್ನೆ. ಒಂದು ಸಂಜೆಗೆ 60 ಸಾವಿರ ಯಾಕೆ? ಬೆಂಗಳೂರಿನಲ್ಲಿ ಡಿಸೈನರ್ ಬಟ್ಟೆಗಳೇ ಬಾಡಿಗೆಗೆ ಸಿಗುತ್ತವೆ, ಹೊಸದರ ಹಾಗೇ ಇರುತ್ತವೆ. ಉಳಿದ ದುಡ್ಡಲ್ಲಿ ತೋಟಕ್ಕೆ ಒಂದು ಪಂಪ್‌ಸೆಟ್ ಬರುತ್ತದೆ.

ಕೊಳ್ಳಲೇಬೇಕು ಅಂದರೆ ನಮ್ಮ ಕಡೆಯ ನೇಯ್ಗೆಯಲ್ಲಿ ಹೊಲಿಸಪ್ಪ. ಗುಳೇದಗುಡ್ಡದ ಖಣದಲ್ಲಿ ತೋಳಿಲ್ಲದ ಜಾಕೆಟ್ ಹೊಲಿಸಿಕೊಂಡವರನ್ನು ನೋಡಿದ್ದೇನೆ, ಕಣ್ಣು ಕೀಳಲಿಕ್ಕಾಗಲಿಲ್ಲ. ಹೆಗ್ಗೋಡಿನ ಕೈಮಗ್ಗ ಸಂಸ್ಥೆ ಚರಕದವರು ನಮ್ಮ ಅಡಿಕೆ ಚೊಗರಿನಲ್ಲೇ, ಅಂದರೆ ಅಡಿಕೆಯ ಕಂದು ರಸದಲ್ಲೇ, ಬಟ್ಟೆಗೆ ಬಣ್ಣ ಹಾಕುತ್ತಾರೆ. ಆ ಕೆಂಗಂದು ಬಣ್ಣ ಯಾವ ಮಾಲ್‌ನಲ್ಲೂ ಸಿಗುವುದಿಲ್ಲ. ನಿನ್ನ ಕೈಗೂ ಮ್ಯಾಚ್ ಆಗುತ್ತದೆ, ತೋಟದಮನೆ!


ತೋಟದಮನೆ
ನವೆಂಬರ್ 19, ರಾತ್ರಿ 9.30

ಹ್ಹ ಹ್ಹ. ಚೊಗರಿನ ಅಂಗಿ ನಮ್ಮಲ್ಲಿ ದಿನಾ ತಯಾರಾಗುತ್ತದೆ, ಬೇಡ ಅಂದರೂ.

ಬಾಡಿಗೆ ಬೇಡ ಅನ್ನುವುದು ಅವಳ ಷರತ್ತು ಈಶಾಡಣ್ಣ, ಹಾಗಾಗಿ ಆ ದಾರಿ ಬಂದ್. ಖಣದ ಜಾಕೆಟ್ ಮಾತ್ರ ತಲೆಯಲ್ಲಿ ಕೂತಿತು.

ಅಕ್ಕಾ, ಜೋಧ್‌ಪುರಿಯೇ ಗಟ್ಟಿ. ಈಗ ಎಲ್ಲಿ ಅಂತ ಹೇಳಿ.


ಸಿದ್ದಾಪುರದ ಅಕ್ಕ
ನವೆಂಬರ್ 20, ಬೆಳಗ್ಗೆ 6.55

ಎರಡು ಜಾಗ ನೋಡು. ಒಂದು ಡಿಸೈನರ್ ಅಂಗಡಿ, ಒಂದು ಹೊಲಿಯುವವರು. ಡಿಸೈನರ್ ಅಂಗಡಿಗೆ ಮೊದಲು ಹೋಗು. ತಗೊಳ್ಳಲಿಕ್ಕೆ ಅಂತ ಅಲ್ಲ, ಒಳ್ಳೇ ಕೋಟು ಮೈಮೇಲೆ ಹೇಗೆ ಕೂರುತ್ತದೆ ಅಂತ ನಿನಗೇ ತಿಳಿಯಲಿಕ್ಕೆ. ಒಂದು ಸಲ ಮೈಗೆ ತಿಳಿದರೆ ಆಮೇಲೆ ಯಾರೂ ಮೋಸ ಮಾಡಲಿಕ್ಕಾಗುವುದಿಲ್ಲ. ಜೋಧ್‌ಪುರಿಯಲ್ಲೇ ಹೆಸರು ಮಾಡಿದವರು ರಾಘವೇಂದ್ರ ರಾಠೋಡ್, ಜೋಧ್‌ಪುರದವರೇ. ಬೆಂಗಳೂರಿನವರೇ ಬೇಕು ಅಂದರೆ ಮನೋವಿರಾಜ್ ಖೋಸ್ಲಾ, ಅವರೂ ಗಂಡಸರ ಉಡುಪಿಗೇ ಹೆಸರಾದವರು. ಡಿಸೈನರ್ ಅಂಗಡಿಗಳು ಜಾಗ ಬದಲಿಸುತ್ತಲೇ ಇರುತ್ತವೆ. ಹೊರಡುವ ಮೊದಲು ಫೋನ್ ಮಾಡಿ, ಟೈಮ್ ತಗೊಂಡು ಹೋಗು.

ಹೊಲಿಸುವುದಕ್ಕೆ ಕಂಟೋನ್ಮೆಂಟ್ ಕಡೆ, ಅಂದರೆ ಎಂ.ಜಿ. ರೋಡ್, ಕಮರ್ಷಿಯಲ್ ಸ್ಟ್ರೀಟ್ ಸುತ್ತ. ಬ್ರಿಟಿಷರ ಕಾಲದಿಂದ ಕೋಟು ಹೊಲಿದ ಜಾಗ ಅದು. ಪಿ.ಎನ್. ರಾವ್ ಅಂಗಡಿ 1923ರಿಂದ ಇದೆ. ರೇಮಂಡ್‌ನಲ್ಲೂ ಅಳತೆ ತೆಗೆದು ಹೊಲಿದು ಕೊಡುವ ವ್ಯವಸ್ಥೆ ಇದೆ. ಕಮರ್ಷಿಯಲ್ ಸ್ಟ್ರೀಟಿನ ಅಡ್ಡಗಲ್ಲಿಗಳಲ್ಲಿ ಬೋರ್ಡೇ ಇಲ್ಲದ ಒಳ್ಳೇ ಟೇಲರ್ ಮಾಸ್ತರರೂ ಇದ್ದಾರೆ. ಒಬ್ಬರ ವಿಳಾಸ ಮೆಸೇಜ್ ಮಾಡಿದ್ದೇನೆ ನೋಡು.

ಒಂದೇ ದಿನದ ಮಾತು ಮರೆತುಬಿಡು. ಕೋಟಿಗೆ ಕನಿಷ್ಠ ಎರಡು ಸಲ ಬರಬೇಕು. ಅಳತೆಗೆ ಒಂದು, ಕಚ್ಚಾ ಹೊಲಿಗೆ ಟ್ರಯಲ್‌ಗೆ ಒಂದು. "ಟ್ರಯಲ್ ಬೇಡ, ಕೊರಿಯರ್ ಮಾಡ್ತೀವಿ" ಅನ್ನುವವರ ಹತ್ತಿರ ಒಂದು ನಿಮಿಷ ನಿಲ್ಲಬೇಡ.


ಮಾಡರೇಟರ್
ನವೆಂಬರ್ 20, ಬೆಳಗ್ಗೆ 10.00

ಅಡಿಕೆ ದರದ ಬಗ್ಗೆ ನಡುವೆ ಬಂದ 14 ಕಾಮೆಂಟುಗಳನ್ನು ಬೇರೆ ಚರ್ಚೆಗೆ ಕಳಿಸಿದ್ದೇನೆ. ಇಲ್ಲಿ ಕೋಟು ಮಾತ್ರ.


ತೋಟದಮನೆ
ಡಿಸೆಂಬರ್ 9, ರಾತ್ರಿ 10.20

ಹೋಗಿ ಬಂದೆ. ಬಸ್ಸಿನಲ್ಲಿ ನಿದ್ದೆ ಬಾರದೆ ಇದನ್ನೆಲ್ಲ ಮತ್ತೊಮ್ಮೆ ಓದಿಕೊಂಡೇ ಹೋಗಿದ್ದೆ.

ಮೊದಲು ಅಕ್ಕ ಹೇಳಿದ ಹಾಗೆ ಒಂದು ಡಿಸೈನರ್ ಅಂಗಡಿ. ಬಾಗಿಲ ಹೊರಗೆ ಐದು ನಿಮಿಷ ನಿಂತೆ, ಸುಳ್ಳೇನು. ಒಳಗೆ ಹೋದ ಮೇಲೆ ಯಾರೂ ಕೈ ನೋಡಲಿಲ್ಲ. ನೀರು ಕೊಟ್ಟರು. "ಯಾವ ಫಂಕ್ಷನ್ ಸರ್, ಸಂಜೆಯಾ ಹಗಲಾ?" ಅಂತ ಕೇಳಿದರು. ಆ ಪ್ರಶ್ನೆಯನ್ನೇ ನಾನು ಯೋಚಿಸಿರಲಿಲ್ಲ. ಸಂಜೆ ಅಂದೆ. ಕಡು ಹಸಿರು ಜೋಧ್‌ಪುರಿ ಒಂದನ್ನು ತೊಡಿಸಿದರು. ತೂಕವೇ ಗೊತ್ತಾಗಲಿಲ್ಲ. ಕೈ ಮೇಲೆತ್ತಿದೆ, ಕೋಟು ಕತ್ತಿನಿಂದ ಮೇಲೇಳಲಿಲ್ಲ, ಇದ್ದಲ್ಲೇ ಇತ್ತು. ಕಂಕುಳ ಸುತ್ತು (ತೋಳು ಕೂರಿಸುವ ಜಾಗ) ಮೇಲಕ್ಕೆ, ಮೈಗೆ ಹತ್ತಿರ ಇದ್ದರೆ ಹಾಗಾಗುತ್ತದಂತೆ. ಚಿವುಟಿಯೂ ನೋಡಿದೆ. ಜಾರಿತು, ಕುಮಟಾದವರೇ! ಬೆಲೆ 1 ಲಕ್ಷ 35 ಸಾವಿರ. ಬಿಚ್ಚಿ ಕೊಡುವಾಗ ಸ್ವಲ್ಪ ಬೇಜಾರಾಯಿತು.

ಆದರೆ ಒಂದು ಗಮನಿಸಿದೆ. ಬಲಗಡೆ ಭುಜದ ಕೆಳಗೆ ಒಂದು ಓರೆ ಮಡಿಕೆ ಬೀಳುತ್ತಿತ್ತು. ಅಲ್ಲಿಯ ಹುಡುಗ ಒಂದು ಸೈಜ್ ದೊಡ್ಡದು ಕೊಟ್ಟ. ಅದರಲ್ಲೂ ಅದೇ ಮಡಿಕೆ.

ಆಮೇಲೆ ಅಕ್ಕ ಹೇಳಿದ ಮಾಸ್ತರರ ಹತ್ತಿರ. ಕಮರ್ಷಿಯಲ್ ಸ್ಟ್ರೀಟಿನ ಹಿಂದಿನ ಗಲ್ಲಿ, ಕಡಿದಾದ ಮೆಟ್ಟಿಲು, ಮೇಲೆ ಎಂಟಡಿ ಹತ್ತಡಿಯ ಕೋಣೆ. ವಯಸ್ಸಾದವರು, ಕತ್ತಿಗೆ ಟೇಪು. ನಾನು ಏನು ಬೇಕು ಅಂತ ಹೇಳುವುದರೊಳಗೆ "ಸುಮ್ನೆ ನಿಂತ್ಕೊಳಿ" ಅಂದರು. ಹಿಂದೆ ಹೋದರು, ಮುಂದೆ ಬಂದರು. ಟೇಪು ಮುಟ್ಟಿರಲಿಲ್ಲ ಇನ್ನೂ.

"ಬಲಗಡೆ ಹೆಗಲ ಮೇಲೆ ಏನು ಹೊರ್ತೀರಿ?" ಅಂತ ಕೇಳಿದರು.

ನನಗೆ ಒಂದು ಕ್ಷಣ ಬಾಯೇ ಬರಲಿಲ್ಲ. ಹದಿನೈದು ವರ್ಷದಿಂದ ಅಡಿಕೆ ಕೊನೆ ಹೊರುವುದು ಅದೇ ಹೆಗಲ ಮೇಲೆ. ಧರೆ (ತೋಟದ ದಿಬ್ಬ) ಹತ್ತಿ ಮನೆ ಅಂಗಳದ ತನಕ. ಬಲಗಡೆ ಭುಜ ಎಡಕ್ಕಿಂತ ಅರ್ಧ ಇಂಚು ಕೆಳಗಿದೆಯಂತೆ. ಹೆತ್ತ ಅಮ್ಮನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. "ರೆಡಿಮೇಡ್ ಯಾವುದು ಹಾಕಿದ್ರೂ ಇಲ್ಲಿ ಮಡಿಕೆ ಬೀಳುತ್ತೆ. ಈ ಕಡೆ ಭುಜಕ್ಕೆ ಒಳಗೆ ಸ್ವಲ್ಪ ಹತ್ತಿ ಜಾಸ್ತಿ ಕೊಡೋಣ" ಅಂದರು. ಅಳತೆ ಬರೆಯುವ ಪುಸ್ತಕದಲ್ಲಿ ಎರಡು ಭುಜಕ್ಕೂ ಬೇರೆ ಬೇರೆ ಗೆರೆ ಎಳೆದುಕೊಂಡರು.

ಬಟ್ಟೆ ಸೂಪರ್ 120 ಉಣ್ಣೆ, ಕಡು ಹಸಿರೇ. ಆ ಬಣ್ಣ ಮನಸ್ಸಿಗೆ ಹಿಡಿದುಬಿಟ್ಟಿತ್ತು. ಹಾಫ್ ಕ್ಯಾನ್ವಾಸ್. ಕೋಟು ಪ್ಯಾಂಟು ಎರಡೂ, ಬಟ್ಟೆ ಹೊಲಿಗೆ ಎಲ್ಲ ಸೇರಿ 41 ಸಾವಿರ. ಟ್ರಯಲ್ ಜನವರಿ 10ಕ್ಕೆ.

ಒಂದೇ ಅಳುಕು. ಅವಳು ಕೇಳಿದ್ದು ಡಿಸೈನರ್ ಕೋಟು. ಇದಕ್ಕೆ ಯಾವ ಹೆಸರೂ ಇಲ್ಲ. ಹೇಳಲೋ ಬೇಡವೋ?


ಕಾಳಿದಂಡೆ, ಕಾರವಾರ
ಡಿಸೆಂಬರ್ 9, ರಾತ್ರಿ 10.41

ಹೇಳಬೇಡ ಮಾರಾಯ. ಒಳಗೆ ಫ್ರೆಂಚ್ ಹೆಸರಿನ ಒಂದು ಲೇಬಲ್ ಹೊಲಿಸಿಬಿಡು.


ಸಿದ್ದಾಪುರದ ಅಕ್ಕ
ಡಿಸೆಂಬರ್ 10, ಬೆಳಗ್ಗೆ 7.05

ಕಾರವಾರದವರ ಮಾತು ಕೇಳಿದರೆ ಮದುವೆಯ ಮೊದಲ ವಾರವೇ ಸಿಕ್ಕಿಬೀಳುತ್ತೀ. ಹೇಳಿಬಿಡು.


ಬಾಡಿಗೆದು ಬೇಡ ಅಂದವಳು
ಡಿಸೆಂಬರ್ 11, ರಾತ್ರಿ 11.10

ನಮಸ್ಕಾರ. ಹೊಸ ಸದಸ್ಯೆ. ನನ್ನ ತಂಗಿ ಈ ಚರ್ಚೆಯ ಲಿಂಕ್ ಕಳಿಸಿದಳು. ಓದುತ್ತಾ ಹೋದೆ. ಶಿರಸಿ, ಫೆಬ್ರವರಿ, ಮಲ್ಲೇಶ್ವರ, ಆಮೇಲೆ "ಅವಳ ಷರತ್ತು". ಸರಿ, ನಾನೇ ಆ ಅವಳು.

ಡಿಸೈನರ್ ಅಂತ ಹೇಳಿದ್ದು ಹೌದು. ಯಾಕೆ ಗೊತ್ತಾ? ಹೋದ ವರ್ಷ ನನ್ನ ಕಸಿನ್ ರಿಸೆಪ್ಶನ್‌ನಲ್ಲಿ ಮದುಮಗ ಬಾಡಿಗೆ ಕೋಟು ಹಾಕಿದ್ದ. ತೋಳು ಬೆರಳಿನ ತುದಿ ತನಕ. ಉಂಗುರ ಹಾಕಲಿಕ್ಕೆ ಕೈ ಹುಡುಕಬೇಕಾಯಿತು. ಆಫೀಸಿನವರು ಇವತ್ತಿಗೂ ಆ ವಿಡಿಯೋ ಹಾಕಿಕೊಂಡು ನಗುತ್ತಾರೆ. ಹಾಗಾಗದೆ ಇರಲಿ ಅಂತ ಡಿಸೈನರ್ ಅಂದೆ. ಯಾವ ಡಿಸೈನರ್‌ದು ಅಂತ ನನಗೂ ಗೊತ್ತಿಲ್ಲ.

ಹೆಗಲಿನ ವಿಷಯ ನನಗೆ ಹೇಳಿರಲಿಲ್ಲ ನೀನು. ಟ್ರಯಲ್‌ಗೆ ನಾನೂ ಬರುತ್ತೇನೆ.

ಈಶಾಡಣ್ಣ, ಆ ಖಣದ ಜಾಕೆಟ್ ಎಲ್ಲಿ ನೋಡಿದ್ದು ನೀವು? ನನ್ನ ಅಪ್ಪನಿಗೊಂದು ಬೇಕು.


ಕರಿ ಈಶಾಡ, ಅಂಕೋಲಾ
ಡಿಸೆಂಬರ್ 12, ಬೆಳಗ್ಗೆ 8.15

ಹುಬ್ಬಳ್ಳಿಯ ಒಂದು ಮದುವೆಯಲ್ಲಿ ತಂಗಿ. ಖಣ ತಗೊಂಡು ಹೊಲಿಸಿದ್ದು ಅಂತ ಹೇಳಿದರು. ಖಣದ ಪನ್ನ ಬಹಳ ಅಗಲ ಇರುವುದಿಲ್ಲ, ಮೊದಲಿಂದ ಕುಪ್ಪಸಕ್ಕೆ ಅಂತಲೇ ನೇಯುವುದು. ಅಪ್ಪ ದಪ್ಪ ಇದ್ದರೆ ಟೇಲರನ್ನು ಕೇಳಿಯೇ ಬಟ್ಟೆ ತಗೊಳ್ಳಿ. ಬೆನ್ನಿಗೆ ಬೇರೆ ಬಟ್ಟೆ ಹಾಕಿದರೂ ನಡೆಯುತ್ತದೆ.


ತೋಟದಮನೆ
ಜನವರಿ 11, ಮಧ್ಯಾಹ್ನ 1.15

ಟ್ರಯಲ್ ಆಯಿತು. ಬಿಳಿ ದಾರದ ದೊಡ್ಡ ದೊಡ್ಡ ಹೊಲಿಗೆ, ಒಂದೇ ತೋಳು ಕೂರಿಸಿದ್ದು. ಮಡಿಕೆ ಮಾಯ. ಮಾಸ್ತರರು ಕಾಲರನ್ನು ಒಂದು ನೂಲು ತಗ್ಗಿಸಿದರು. ಇವಳು "ಕೂತು ತೋರಿಸು, ಎದ್ದು ತೋರಿಸು, ಬಗ್ಗಿ ಯಾರದಾದರೂ ಕಾಲಿಗೆ ನಮಸ್ಕಾರ ಮಾಡು" ಅಂತ ಎಲ್ಲ ಮಾಡಿಸಿದಳು. ಯಾರ ಕಾಲಿಗೆ? ಮಾಸ್ತರರ ಕಾಲಿಗೇ ಮಾಡಿದೆ. ಪ್ಯಾಂಟಿಗೆ ಹಿಂದೆ ಅರ್ಧ ಇಂಚು ಬಿಡಿಸಬೇಕು ಅಂತ ಆಗಲೇ ಗೊತ್ತಾದದ್ದು.

ಎರಡು ಪ್ರಶ್ನೆ ಉಳಿದಿದೆ. ಮಳೆಗಾಲದಲ್ಲಿ ಕೋಟು ಎಲ್ಲಿಡುವುದು? ನಮ್ಮಲ್ಲಿ ಜೂನ್‌ನಿಂದ ಚರ್ಮದ ಬೆಲ್ಟಿಗೂ ಬೂಷ್ಟು. ಎರಡನೆಯದು, ಈ ಕೈ.


ಕತ್ತರಿ ಮನೆ, ಕುಮಟಾ
ಜನವರಿ 11, ಸಂಜೆ 4.50

ಅಂಗಡಿಯವರು ಕೊಡುವ ಪ್ಲಾಸ್ಟಿಕ್ ಕವರಿನಲ್ಲಿ ಮಾತ್ರ ಇಡಬೇಡಿ, ಒಳಗೆ ಬೆವರುತ್ತದೆ. ಹಳೇ ಹತ್ತಿ ಪಂಚೆಯಲ್ಲಿ ಚೀಲ ಹೊಲಿಸಿ, ಅಗಲ ಭುಜದ ಮರದ ಹ್ಯಾಂಗರಿಗೆ ನೇತುಹಾಕಿ. ಕಪಾಟು ಗೋಡೆಗೆ ತಾಗಿಕೊಂಡು ಇರಬಾರದು. ಹದಿನೈದು ದಿನಕ್ಕೊಮ್ಮೆ, ಮಳೆ ಬಿಟ್ಟ ಹೊತ್ತು ನೋಡಿ, ಗಾಳಿಗೆ ಹಿಡಿಯಿರಿ. ಉಣ್ಣೆಗೆ ಹುಳ ಬೀಳುತ್ತದೆ, ಎರಡು ನುಸಿಗುಳಿಗೆ ಇರಲಿ. ಅಡಿಕೆ ಒಣಗಿಸುವ ಅಟ್ಟದ ಹತ್ತಿರ ದಯವಿಟ್ಟು ಬೇಡ. ಆ ಹೊಗೆ ವಾಸನೆ ಹೋಗುವುದಿಲ್ಲ. ಮತ್ತೆ ಪ್ರತಿ ಸಲ ಡ್ರೈಕ್ಲೀನಿಂಗಿಗೆ ಕೊಡಬೇಡಿ, ಬ್ರಷ್ ಹಾಕಿ ಉಜ್ಜಿ ಗಾಳಿಗಿಟ್ಟರೆ ಸಾಕು.


ಸಿದ್ದಾಪುರದ ಅಕ್ಕ
ಜನವರಿ 11, ಸಂಜೆ 6.30

ಕೈಗೆ ನಿಂಬೆಹಣ್ಣು ಅಪ್ಪಿ. ಅಡಿಕೆಯ ಚೊಗರು ಸುಲಿಯುವ ಮೆಟ್ಟುಗತ್ತಿಯ ಕಬ್ಬಿಣಕ್ಕೆ ತಾಗಿ ಕಪ್ಪಾಗುವುದು ಅದು. ಹುಳಿಗೆ ಬಿಡುತ್ತದೆ. ಅರ್ಧ ಹೋಳಿಗೆ ಉಪ್ಪು ಹಚ್ಚಿ ರಾತ್ರಿ ಮಲಗುವ ಮೊದಲು ತಿಕ್ಕು, ಆಮೇಲೆ ಕೊಬ್ಬರಿ ಎಣ್ಣೆ. ಮದುವೆಗೆ ಹತ್ತು ದಿನ ಮೊದಲೇ ಸುಲಿಯುವುದು ನಿಲ್ಲಿಸು.


ತೋಟದಮನೆ
ಜನವರಿ 13, ರಾತ್ರಿ 9.55

ಎರಡು ದಿನ ತಿಕ್ಕಿದೆ ಅಕ್ಕ. ಬೆರಳು ಬಿಟ್ಟಿತು, ಉಗುರಿನ ಸಂದಿ ಇನ್ನೂ ಹಾಗೇ ಇದೆ. ಹತ್ತು ದಿನ ಮೊದಲು ನಿಲ್ಲಿಸುವುದು ಕಷ್ಟ. ಎರಡನೇ ಕೊಯ್ಲಿಗೆ ಮರ ಹತ್ತಿ ಕೊನೆ ಇಳಿಸುವ ಕೊನೆಗೌಡ ಬರುವುದೇ ಫೆಬ್ರವರಿ ಒಂದಕ್ಕೆ. ಅಪ್ಪ ಸುಲಿಯುತ್ತೇನೆ ಅಂದಿದ್ದಾರೆ. ಕೊನೆ ಹೊರುವುದು ನಾನೇ, ಅದೇ ಹೆಗಲ ಮೇಲೆ. ಮಾಸ್ತರರಿಗೆ ಫೋನ್ ಮಾಡಿ ಹೇಳಿದ್ದೇನೆ, ಹತ್ತಿ ಸ್ವಲ್ಪ ನೋಡಿಕೊಂಡು ಹಾಕಲಿ ಅಂತ.